ಸೊಲ್ಲಾಪುರದ ಗಾಡಿ, ಮುದ್ದೇಬಿಹಾಳದ ಡೀಸೆಲ್

2012ರ ಮಾಡೆಲ್, ಬಿಳಿ ಬಣ್ಣ, ಫಸ್ಟ್ ಓನರ್, ಟೈರ್ ಹೊಸವು. ಮುದ್ದೇಬಿಹಾಳದಂಥ ಊರಿನಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಯ ವ್ಯವಹಾರ ಬಹುತೇಕ ಇಷ್ಟು ಮಾತಿನಲ್ಲೇ ಕುದುರುತ್ತದೆ. ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುತ್ತಾರೆ, ಆಯಿಲ್ ಕಡ್ಡಿ ಎಳೆದು ನೋಡುತ್ತಾರೆ, ತಾಳಿಕೋಟೆ ರಸ್ತೆಗೆ ಒಯ್ದು ಒಂದಿಷ್ಟು ದೂರ ಓಡಿಸಿ ಪಿಕಪ್ ಹೇಗಿದೆ, ಎವರೇಜ್ ಎಷ್ಟು ಬಂದೀತು ಎಂದು ಲೆಕ್ಕ ಹಾಕುತ್ತಾರೆ. ಆ ಗಾಡಿ ಯಾವ ಊರಿಗೆಂದು ತಯಾರಾಗಿತ್ತು, ಹೊಗೆ ಹೊರಹೋಗುವ ದಾರಿಯಲ್ಲಿ ಕಂಪನಿ ಏನೇನು ಕೂರಿಸಿತ್ತು, ಅದರಲ್ಲಿ ಈಗ ಏನು ಉಳಿದಿದೆ ಎಂದು ಕೇಳುವವರು ಕಡಿಮೆ. ಕೊಂಡು ಕೆಲವು ತಿಂಗಳಿಗೇ ‘ಗಾಡಿ ಎಳಿಯವಲ್ದು’ ಎಂದು ಗ್ಯಾರೇಜಿನ ಮುಂದೆ ನಿಲ್ಲುವ ಎಷ್ಟೋ ಗಾಡಿಗಳ ಜಾತಕ ಮಾತ್ರ ಈ ಕೇಳದ ಪ್ರಶ್ನೆಯಲ್ಲೇ ಇರುತ್ತದೆ.

ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿಗಳು ಒಳಗಿನಿಂದ ಬೇರೆ ಬೇರೆ ಆಗಿರಲು ಸಾಧ್ಯವೇ? ಈ ದೇಶದಲ್ಲಿ ಏಳು ವರ್ಷ ಹಾಗೇ ಇತ್ತು. ಮಾಶೇಲ್ಕರ್ ಸಮಿತಿಯ ವರದಿಯ ಮೇಲೆ 2003ರಲ್ಲಿ ರೂಪುಗೊಂಡ ವಾಹನ ಇಂಧನ ನೀತಿ ದೇಶವನ್ನು ಎರಡು ಭಾಗ ಮಾಡಿತು. ಅದರಂತೆ 2010ರ ಏಪ್ರಿಲ್‌ನಿಂದ ದೆಹಲಿ ರಾಜಧಾನಿ ವಲಯಕ್ಕೂ 13 ನಗರಗಳಿಗೂ ಭಾರತ್ ಸ್ಟೇಜ್-4 ಹೊಗೆ ಮಾನದಂಡ, ಅಂದರೆ ಬಿಎಸ್-4; ಉಳಿದ ಭಾರತಕ್ಕೆಲ್ಲ ಬಿಎಸ್-3. ಆ 13ರ ಪಟ್ಟಿಯಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳು ಇದ್ದದ್ದು ಸಹಜ. ಆದರೆ ಅದೇ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು.

ವಿಜಯಪುರ ಜಿಲ್ಲೆಯವರಿಗೆ ಸೊಲ್ಲಾಪುರ ಪರಸ್ಥಳವಲ್ಲ. ಚಾದರ ಕೊಳ್ಳಲು, ದವಾಖಾನೆಗೆ ತೋರಿಸಲು, ರೈಲು ಹಿಡಿಯಲು ಹೋಗುವ ಊರು. ವಿಜಯಪುರದಿಂದ ಸುಮಾರು ನೂರು ಕಿಲೋಮೀಟರ್. ಧೂಳಖೇಡದ ಹತ್ತಿರ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. 2010ರಿಂದ ಕೆಲವು ವರ್ಷ ಹೊಗೆಯ ಗಡಿಯೂ ಈ ನೂರು ಕಿಲೋಮೀಟರಿನೊಳಗೇ ಹಾದುಹೋಗಿತ್ತು. ಸೊಲ್ಲಾಪುರ ನಗರದಲ್ಲಿ ಹೊಸ ಕಾರು ನೋಂದಣಿ ಆಗಬೇಕಾದರೆ ಅದು ಬಿಎಸ್-4 ಆಗಿರಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಲ್ಲಿ ಬಿಎಸ್-3 ಸಾಕಿತ್ತು.

ಅಂತರ ಕಾಗದದ ಮೇಲಿನದಷ್ಟೇ ಆಗಿರಲಿಲ್ಲ. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಮಸಿಕಣಗಳ ಮಿತಿ ಬಿಎಸ್-3ರಲ್ಲಿ 0.05 ಗ್ರಾಂ, ಬಿಎಸ್-4ರಲ್ಲಿ ಅದರ ಅರ್ಧ. ನೈಟ್ರೋಜನ್ ಆಕ್ಸೈಡ್‌ಗಳ ಮಿತಿಯೂ ಅರ್ಧ ಗ್ರಾಂನಿಂದ ಕಾಲು ಗ್ರಾಂಗೆ ಇಳಿಯಿತು. ಅದನ್ನು ಮುಟ್ಟಲು ಕಂಪನಿಗಳು ಕೆಲವು ಗಾಡಿಗಳಿಗೆ ಎಂಜಿನ್ನನ್ನೇ ಬದಲಿಸಿದವು, ಕೆಲವಕ್ಕೆ ಇಜಿಆರ್ ವಾಲ್ವ್, ಕೂಲರ್, ಕೆಟಲಿಟಿಕ್ ಕನ್ವರ್ಟರ್, ಹೆಚ್ಚುವರಿ ಸೆನ್ಸರ್ ಸೇರಿಸಿದವು, ಕೆಲವು ಮಾಡೆಲ್‌ಗಳನ್ನು ನಗರಗಳಿಂದ ಹಿಂದಕ್ಕೇ ಪಡೆದವು. ಮಾರುತಿ 800 ಮೂರನೆಯ ಗುಂಪಿನದು. ಅದನ್ನು ಬಿಎಸ್-4ಕ್ಕೆ ಏರಿಸುವ ಗೋಜಿಗೇ ಕಂಪನಿ ಹೋಗಲಿಲ್ಲ. 2010ರ ಏಪ್ರಿಲ್‌ನಲ್ಲಿ ಪಟ್ಟಿಯ ನಗರಗಳಲ್ಲಿ ಮಾರಾಟ ನಿಲ್ಲಿಸಿ, ಉಳಿದ ಊರುಗಳಲ್ಲಿ ಮಾರುತ್ತ ಹೋಯಿತು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಾಗಾಗಿ 2012ರ 800 ಎಂದರೆ ಅದು ಪಟ್ಟಿಯ ಹೊರಗಿನ ಊರಿನಲ್ಲೇ ನೋಂದಣಿಯಾದ ಗಾಡಿ ಎಂದು ಕಣ್ಣುಮುಚ್ಚಿ ಹೇಳಬಹುದು.

ಟವೇರಾದ ಕಥೆ ಇನ್ನೂ ಸ್ವಾರಸ್ಯ. ಉತ್ತರ ಕರ್ನಾಟಕದಲ್ಲಿ ಮದುವೆ ದಿಬ್ಬಣಕ್ಕೆ, ಶ್ರೀಶೈಲಕ್ಕೆ, ಪಂಢರಪುರಕ್ಕೆ ಟ್ರಿಪ್ ಹೊಡೆದ ಗಾಡಿ ಅದು. ಬಿಎಸ್-3 ಊರುಗಳಿಗೆ ಅದು 2.5 ಲೀಟರ್ ಎಂಜಿನ್‌ನೊಂದಿಗೆ ಬರುತ್ತಿತ್ತು, ಬಿಎಸ್-4 ನಗರಗಳಿಗೆ 2 ಲೀಟರ್ ಎಂಜಿನ್‌ನೊಂದಿಗೆ. ಹೊರಗಿನ ಮೈ ಒಂದೇ, ಹಿಂದೆ ಬರೆದ ಹೆಸರೂ ಒಂದೇ. ಒಂಬತ್ತು ಜನ ಕೂತು, ಮೇಲೆ ಸಾಮಾನು ಹೇರಿದ ಮೇಲೆ ಏರು ರಸ್ತೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತಿತ್ತು. ಇಷ್ಟರ ಮೇಲೆ 2013ರ ಜುಲೈನಲ್ಲಿ ಜನರಲ್ ಮೋಟರ್ಸ್ ಕಂಪನಿ, 2005ರಿಂದ 2013ರವರೆಗೆ ತಯಾರಾದ ಸುಮಾರು 1.14 ಲಕ್ಷ ಟವೇರಾಗಳನ್ನು ಹೊಗೆ ಮತ್ತು ನಮೂದಿತ ವಿವರಗಳಲ್ಲಿನ ದೋಷಕ್ಕಾಗಿ ವಾಪಸ್ ಕರೆಯಿತು. ಹೊಗೆ ಪರೀಕ್ಷೆಯಲ್ಲಿ ತನ್ನದೇ ಸಿಬ್ಬಂದಿ ಕೈಚಳಕ ತೋರಿದ್ದನ್ನು ಒಪ್ಪಿಕೊಂಡು ಹಲವರನ್ನು ಮನೆಗೆ ಕಳಿಸಿತು. ಎರಡು ವರ್ಷದ ನಂತರ ಫೋಕ್ಸ್‌ವ್ಯಾಗನ್ ಸರದಿ. 2015ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ವಾಪಸ್ ಕರೆದದ್ದು 3.23 ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು. ಅಲ್ಲಿ ತಿದ್ದಬೇಕಿದ್ದುದು ಮುಖ್ಯವಾಗಿ ಎಂಜಿನ್ ನಡೆಸುವ ಸಾಫ್ಟ್‌ವೇರ್. ಇಂಥ ಗಾಡಿಗಳು ಈಗ ಮೂರನೆಯ, ನಾಲ್ಕನೆಯ ಕೈಯಲ್ಲಿವೆ. ತನ್ನ ಕೈಗೆ ಬಂದ ಗಾಡಿಗೆ ಆ ರಿಪೇರಿ ಆಗಿದೆಯೇ ಎಂದು ಕೊಳ್ಳುವವರು ವಿಚಾರಿಸಿದ್ದು ಅಪರೂಪ.

ಇನ್ನು ಡೀಸೆಲ್ಲಿನ ಮಾತು. ಗಡಿಯ ಆಚೆ ಈಚೆ ಗಾಡಿಯಷ್ಟೇ ಅಲ್ಲ, ಪಂಪಿನಲ್ಲಿ ಸಿಗುವ ಎಣ್ಣೆಯೂ ಬೇರೆ ಇತ್ತು. ಬಿಎಸ್-4 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲು ಮೀರುವಂತಿರಲಿಲ್ಲ. ಬಿಎಸ್-3ರಲ್ಲಿ 350 ಪಾಲಿನವರೆಗೆ ಇರಬಹುದಿತ್ತು. ಏಳು ಪಟ್ಟು. 50 ಪಾಲಿನ ಎಣ್ಣೆಗೆಂದು ಮಾಡಿದ ಗಾಡಿಗೆ ವರ್ಷಗಟ್ಟಲೆ 350 ಪಾಲಿನ ಎಣ್ಣೆ ಕುಡಿಸಿದರೆ ಏನಾಗುತ್ತದೆ? ಗಂಧಕ ಕೆಟಲಿಟಿಕ್ ಕನ್ವರ್ಟರಿನ ಅಮೂಲ್ಯ ಲೋಹದ ಪದರಕ್ಕೆ ಅಂಟಿ ಅದರ ಕೆಲಸ ಕುಂದಿಸುತ್ತದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ದಾರಿಯಲ್ಲಿ ಆಮ್ಲ ಹುಟ್ಟಿಸಿ ಕೂಲರನ್ನು ತಿನ್ನುತ್ತದೆ. ಮಸಿಯೂ ಹೆಚ್ಚು ಕೂರುತ್ತದೆ. ಅಂದರೆ ಸೊಲ್ಲಾಪುರದಲ್ಲಿಯೋ ಬೆಂಗಳೂರಿನಲ್ಲಿಯೋ ನೋಂದಣಿಯಾಗಿ, 2013ರಲ್ಲಿ ಹಳ್ಳಿ ಕಡೆ ಬಂದು ಊರ ಪಂಪಿನ ಎಣ್ಣೆಯಲ್ಲಿ ಓಡಿದ ಗಾಡಿಯ ಒಳಾಂಗ, ಅದೇ ನಗರದಲ್ಲೇ ಉಳಿದ ಅದರ ಜೊತೆಯ ಗಾಡಿಗಿಂತ ಬೇಗ ಸವೆದಿರುವ ಸಾಧ್ಯತೆ ಹೆಚ್ಚು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದ್ದರೂ ಅಷ್ಟೇ.

ಈ ತಾರತಮ್ಯ ಈಗಿಲ್ಲ. 2017ರ ಏಪ್ರಿಲ್ ಹೊತ್ತಿಗೆ ಇಡೀ ದೇಶ ಬಿಎಸ್-4ಕ್ಕೆ, 2020ರ ಏಪ್ರಿಲ್ 1ಕ್ಕೆ ನೇರ ಬಿಎಸ್-6ಕ್ಕೆ ಬಂತು. ಮುದ್ದೇಬಿಹಾಳದ ಪಂಪಿಗೂ ಮುಂಬೈಯ ಪಂಪಿಗೂ ಈಗ ಗಂಧಕದ ಮಿತಿ ಒಂದೇ: 10 ಪಾಲು. ‘ಹೊಸ ಡೀಸೆಲ್ ಒಣಾ ಅದ, ಹಳೇ ಪಂಪ್ ಹಾಳಾಗ್ತದ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಿಡ್ಡು ಕಡಿಮೆಯಾಗುವುದು ನಿಜ. ಆದರೆ ಅದನ್ನು ತುಂಬಿಕೊಡುವ ಅಂಶವನ್ನು ರಿಫೈನರಿಯಲ್ಲೇ ಬೆರೆಸುತ್ತಾರೆ, ಜಿಡ್ಡಿಗೂ ಮಾನದಂಡ ಇದೆ. ಹಳೆಯ ಬಿಎಸ್-3 ಗಾಡಿಯವರು ಹೊಸ ಎಣ್ಣೆಗೆ ಹೆದರಬೇಕಿಲ್ಲ.

ಎಣ್ಣೆ ಒಂದಾದರೂ ಗಾಡಿಗಳು ಒಂದಾಗಲಿಲ್ಲ. ವರ್ಷ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಏಪ್ರಿಲ್ 1ರಿಂದ ಬಿಎಸ್-3 ವಾಹನ ಮಾರುವಂತಿಲ್ಲ ಎಂದಾಗ ಕಂಪನಿಗಳ ಬಳಿ ಎಂಟು ಲಕ್ಷಕ್ಕೂ ಹೆಚ್ಚು ವಾಹನ ಉಳಿದಿದ್ದವು, ಹೆಚ್ಚಿನವು ಬೈಕು. ಕೊನೆಯ ಎರಡು ದಿನ ಶೋರೂಮುಗಳ ಮುಂದೆ ಜಾತ್ರೆ ನೆರೆದದ್ದು ಹಲವರಿಗೆ ನೆನಪಿರಬಹುದು. ಹೀಗಾಗಿ 2017ರ ಮಾಡೆಲ್ ಎಂದರೆ ಬಿಎಸ್-3 ಇರಬಹುದು, ಬಿಎಸ್-4 ಇರಬಹುದು. 2020ರ ಮಾಡೆಲ್ಲಿನಲ್ಲೂ ಇದೇ ಗೊಂದಲ, ಒಂದು ಮೆಟ್ಟಿಲು ಮೇಲೆ. ನಂಬರ್ ಪ್ಲೇಟನ್ನೂ ಪೂರ್ತಿ ನಂಬುವಂತಿಲ್ಲ. ಎಂಎಚ್-13 ಎಂಬುದು ಸೊಲ್ಲಾಪುರ ನಗರದ ಗಾಡಿಯೂ ಆಗಬಹುದು, ಜಿಲ್ಲೆಯ ಹಳ್ಳಿಯದೂ ಆಗಬಹುದು.

ಹಾಗಾದರೆ ಹೊಗೆ ತಡೆಯುವ ಉಪಕರಣ ಇದ್ದರೆ ಗಾಡಿಯ ದಮ್ಮು ಕಡಿಮೆಯಾಗುತ್ತದೆಯೇ? ಗ್ಯಾರೇಜುಗಳಲ್ಲಿ ಬಹುಮತದ ಉತ್ತರ ಹೌದು. ಆ ಉತ್ತರ ಅರ್ಧ ಸತ್ಯ. ಹಳೆಯ ಬೊಲೆರೊ ಡಿಐ ಎಂಜಿನ್ ಬಿಎಸ್-3 ಊರುಗಳಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲೇ ಬಿಎಸ್-4 ನಗರಗಳ ಬೊಲೆರೊಗೆ ಕಾಮನ್ ರೈಲ್ ಎಂಜಿನ್ ಬಂದಿತ್ತು. ಓಡಿಸಿ ನೋಡಿದವರಿಗೆ ಎರಡನೆಯದೇ ನಯ, ಹೊಗೆಯೂ ಕಡಿಮೆ, ಎಳೆತದಲ್ಲೂ ಹಿಂದೆ ಬೀಳಲಿಲ್ಲ. ಸರಿಯಾಗಿ ಕೆಲಸ ಮಾಡುವ ಉಪಕರಣ ಕಸಿದುಕೊಳ್ಳುವ ಶಕ್ತಿ ಅತ್ಯಲ್ಪ. ಕೆಟ್ಟು ನಿಂತ ಉಪಕರಣ ಕಸಿದುಕೊಳ್ಳುವುದು ಮಾತ್ರ ಬಹಳ. ಮಸಿ ತುಂಬಿದ ಇಜಿಆರ್ ವಾಲ್ವ್ ತೆರೆದೇ ನಿಂತರೆ ಎಂಜಿನ್ನಿಗೆ ತಾಜಾ ಗಾಳಿ ಸಾಲದು; ಗಾಡಿ ಕೆಳ ಗೇರಿನಲ್ಲೇ ಏದುಸಿರು ಬಿಡುತ್ತದೆ, ಕಪ್ಪು ಹೊಗೆ ಬರುತ್ತದೆ, ಎವರೇಜ್ ಬೀಳುತ್ತದೆ. ಕಟ್ಟಿಕೊಂಡ ಕನ್ವರ್ಟರಿನದೂ ಅದೇ ಗೋಳು. ಡಿಐ ಗಾಡಿ ಹಾಳಾದರೆ ಊರ ಮಿಸ್ತ್ರಿ ಪಾನಾ ಹಿಡಿದು ರಿಪೇರಿ ಮಾಡುತ್ತಿದ್ದ. ಕಾಮನ್ ರೈಲ್ ಗಾಡಿಗಳಿಗೆ ಸ್ಕ್ಯಾನರ್ ಬೇಕು, ಇಂಜೆಕ್ಟರ್ ಪರೀಕ್ಷಿಸುವ ಯಂತ್ರ ಬೇಕು. ಅದಕ್ಕೆ ವಿಜಯಪುರಕ್ಕೋ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗಬೇಕು. ದೋಷ ಎಂಜಿನಿಯರಿಂಗಿನದಲ್ಲ. ಗಾಡಿ ಬಂದ ಊರಿಗೆ ಅದರ ವೈದ್ಯ ಬರಲಿಲ್ಲ, ಅಷ್ಟೇ.

ವೈದ್ಯರಿಲ್ಲದ ಕಡೆ ಅಂಗವನ್ನೇ ಕತ್ತರಿಸುವ ಪದ್ಧತಿ ಬೆಳೆಯಿತು. ಇಜಿಆರ್ ಬಾಯಿಗೆ ತಗಡಿನ ತುಂಡು ಇಟ್ಟು ಬಂದ್ ಮಾಡುವುದು, ಕನ್ವರ್ಟರ್ ಒಡೆದು ಒಳಗಿನ ಜೇನುಗೂಡಿನಂಥ ಭಾಗ ಕೆಡವುವುದು, ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪವನ್ನೇ ಕಿತ್ತುಹಾಕುವುದು. ಇಜಿಆರ್ ಬಂದ್ ಮಾಡಿದ ದಿನ ಗಾಡಿ ಚುರುಕಾದಂತೆ ಕಾಣುವುದು ಸುಳ್ಳಲ್ಲ. ಬೆಂಕಿಯ ಕಾವು ಏರಿ ನೈಟ್ರೋಜನ್ ಆಕ್ಸೈಡ್ ಹೆಚ್ಚುವುದು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಗಾಡಿ ಅದನ್ನು ಸಹಿಸಿಕೊಂಡೀತು. ಕಂಪ್ಯೂಟರ್ ಇರುವ ಗಾಡಿ ತಪ್ಪು ಹಿಡಿದು ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಂಡು, ಎಷ್ಟು ತುಳಿದರೂ ಕುಂಟುತ್ತ ಸಾಗುತ್ತದೆ. ಆಗ ಸಾಫ್ಟ್‌ವೇರನ್ನೂ ತಿದ್ದಿಸಬೇಕು. ಹೀಗೆ ಒಂದರ ಹಿಂದೊಂದು. ಈ ಗಾಡಿ ಮಾರಾಟಕ್ಕೆ ಬಂದಾಗ ಯಾರೂ ತಗಡಿನ ತುಂಡಿನ ವಿಷಯ ಎತ್ತುವುದಿಲ್ಲ.

ಪಿಯುಸಿ ಚೀಟಿ ಇದೆಯಲ್ಲ ಎನ್ನಬಹುದು. ಡೀಸೆಲ್ ಗಾಡಿಯ ಪಿಯುಸಿ ತಪಾಸಣೆಯಲ್ಲಿ ಅಳೆಯುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಇಜಿಆರ್ ಮುಚ್ಚಿದ ಗಾಡಿಯ ಮಸಿ ಒಮ್ಮೊಮ್ಮೆ ಕಡಿಮೆಯೇ ಆಗಿರುತ್ತದೆ, ಸಲೀಸಾಗಿ ಪಾಸಾಗುತ್ತದೆ. ಕಾನೂನೇನೋ ಗಟ್ಟಿ ಇದೆ. ಗಾಡಿಯ ಮೂಲ ರಚನೆ ಬದಲಿಸಿದ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ. ಮಾಲಿನ್ಯದ ಮಾನದಂಡ ಮೀರಿದರೆ 190ನೇ ಕಲಮಿನಡಿ 10,000 ರೂಪಾಯಿವರೆಗೆ. ಕಾನೂನಿಗೆ ಕಣ್ಣೇ ಪಿಯುಸಿ ಯಂತ್ರ ಆಗಿರುವಾಗ, ಆ ಕಣ್ಣಿಗೆ ಕಾಣದ್ದಕ್ಕೆ ದಂಡ ಹಾಕುವವರು ಯಾರು?

ಪೆಟ್ರೋಲ್ ಗಾಡಿಯವರದು ಬೇರೆ ಪೇಚು. ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಆ ಲೋಹಗಳ ಪುಡಿಗಾಗಿಯೇ ಗುಜರಾತ್, ಮಹಾರಾಷ್ಟ್ರಗಳಲ್ಲಿ ಮಾರುತಿ ಇಕೊ ಗಾಡಿಗಳ ಸೈಲೆನ್ಸರ್ ಬಿಚ್ಚಿ ಒಯ್ಯುವ ಕಳ್ಳರ ತಂಡಗಳು ಸಿಕ್ಕಿಬಿದ್ದಿವೆ. ಕಳೆದುಕೊಂಡವರು ಕಂಪನಿಯ ಬೆಲೆ ಕೇಳಿ ಬೆಚ್ಚಿ, ಅಗ್ಗದ ಖಾಲಿ ಸೈಲೆನ್ಸರ್ ಹಾಕಿಸುತ್ತಾರೆ. ಮುಂದೆ ಆ ಇಕೊ ಮಾರಾಟವಾಗಿ ಶಾಲೆ ಮಕ್ಕಳನ್ನು ಸಾಗಿಸಲೋ ತರಕಾರಿ ತರಲೋ ಬೇರೆ ಊರಿಗೆ ಬರುತ್ತದೆ. ಹಿಂದಿನ ಆಕ್ಸಿಜನ್ ಸೆನ್ಸರ್ ತಪ್ಪು ಹೇಳುತ್ತದೆ, ದೀಪ ಉರಿಯುತ್ತದೆ. ದೀಪ ಉರಿದರೆ ಸೆನ್ಸರ್ ಬದಲಿಸುತ್ತಾರೆ, ಮತ್ತೆ ಉರಿಯುತ್ತದೆ.

ಬಿಎಸ್-6 ಡೀಸೆಲ್‌ಗಳು ಈಗ ಸೆಕೆಂಡ್ ಹ್ಯಾಂಡ್ ಪೇಟೆಗೆ ಇಳಿಯುತ್ತಿವೆ. ಇವು ನಗರ, ಹಳ್ಳಿ ಎಂದು ಬೇರೆ ಬೇರೆ ತಯಾರಾದವಲ್ಲ. ಆದರೂ ಊರಿನ ಗುಣ ಇವಕ್ಕೆ ಇನ್ನೂ ಹೆಚ್ಚು ತಟ್ಟುತ್ತದೆ. ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ತುಂಬಿದಾಗ ಗಾಡಿ ತಾನೇ ಅದನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟು ಸ್ವಚ್ಛ ಮಾಡಿಕೊಳ್ಳಬೇಕು. ಅದಕ್ಕೆ ಒಂದೇ ವೇಗದಲ್ಲಿ ಒಂದಿಷ್ಟು ಹೊತ್ತಿನ ಓಟ ಬೇಕು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ನಿಡಗುಂದಿಯಿಂದ ವಿಜಯಪುರಕ್ಕೆ ದಿನಾ ಹೋಗಿ ಬರುವ ಗಾಡಿಗೆ ಇದು ಸಮಸ್ಯೆಯೇ ಅಲ್ಲ. ಮನೆಯಿಂದ ಬಜಾರು, ಬಜಾರಿನಿಂದ ಹೊಲ, ಹೊಲದ ದಾರಿಯಲ್ಲಿ ಎರಡನೇ ಗೇರು, ಎಂಜಿನ್ ಕಾಯುವ ಮೊದಲೇ ಚಾವಿ ಬಂದ್: ಹೀಗೆ ಬಳಸುವವರಿಗೆ ಡಿಪಿಎಫ್ ಡೀಸೆಲ್ ಹೇಳಿಸಿದ್ದಲ್ಲ. ಅಂಥವರು ಪೆಟ್ರೋಲ್ ಅಥವಾ ಸಿಎನ್‌ಜಿ ಗಾಡಿ ಕೊಳ್ಳುವುದೇ ಲೇಸು. ಇದು ಮಾರುವವರು ಹೇಳಬೇಕಾದ ಮಾತು, ಆದರೆ ಹೇಳುವುದಿಲ್ಲ.

ಕೆಲವು ಬಿಎಸ್-6 ಡೀಸೆಲ್‌ಗಳಿಗೆ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಡೆಫ್ ದ್ರವ ಬೇರೆ ತುಂಬಬೇಕು. ಅದು ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಯೂರಿಯಾ ಎಂದ ಕೂಡಲೇ ರೈತರ ಊರಿನಲ್ಲಿ ಬರುವ ಆಲೋಚನೆ ಸಹಜವೇ: ಗೊಬ್ಬರದ ಚೀಲ ಮನೆಯಲ್ಲೇ ಇದೆಯಲ್ಲ! ಆದರೆ 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಇರುತ್ತದೆ, ಜೊತೆಗೆ ಬೈಯುರೆಟ್‌ನಂಥ ಕಲ್ಮಶ. ಅದನ್ನು ಕರಗಿಸಿ ಟ್ಯಾಂಕಿಗೆ ಹೊಯ್ದರೆ ನಳಿಕೆಯಲ್ಲಿ ಹರಳುಗಟ್ಟಿ ಇಡೀ ವ್ಯವಸ್ಥೆ ಕೆಡುತ್ತದೆ, ರಿಪೇರಿಯ ಬಿಲ್ಲು ಸಾವಿರದಲ್ಲಲ್ಲ, ಲಕ್ಷದ ಮಾತಿಗೆ ಹೋಗಬಹುದು.

ಹೊರಗಿನವರು ಇದನ್ನು ಹೇಗೆ ನಿಭಾಯಿಸಿದರು? ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ 1960ರ ದಶಕದಿಂದಲೇ ತನ್ನದೇ ಕಟ್ಟುನಿಟ್ಟು ಇಟ್ಟುಕೊಂಡಿದೆ. ದಶಕಗಳ ಕಾಲ ಕಂಪನಿಗಳು ಕ್ಯಾಲಿಫೋರ್ನಿಯಾಕ್ಕೊಂದು, ಉಳಿದ 49 ರಾಜ್ಯಗಳಿಗೊಂದು ಎಂದು ಎರಡು ಬಗೆಯ ಗಾಡಿ ಮಾಡಿದವು. ಅಲ್ಲಿ ಹಳೆಯ ಕಾರು ಮಾರುವಾಗ ಹೊಗೆ ಪ್ರಮಾಣಪತ್ರ ಕೊಡಬೇಕಾದವನು ಸಾಮಾನ್ಯವಾಗಿ ಮಾರುವವನೇ. ಉಪಕರಣ ಜಾಗದಲ್ಲಿ ಇದೆಯೇ ಎಂದು ಕಣ್ಣಾರೆ ನೋಡುವುದೂ ಆ ತಪಾಸಣೆಯ ಭಾಗ. ಇನ್ನೊಂದು ಕಡೆ ಆಫ್ರಿಕಾ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2020ರ ವರದಿಯ ಪ್ರಕಾರ 2015ರಿಂದ 2018ರೊಳಗೆ ಯುರೋಪು, ಜಪಾನ್, ಅಮೆರಿಕಗಳಿಂದ 1.4 ಕೋಟಿ ಹಳೆಯ ಲಘು ವಾಹನಗಳು ರಫ್ತಾದವು, ಹೆಚ್ಚಿನವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ. ನೆದರ್ಲೆಂಡ್ಸ್ ತನ್ನ ಬಂದರುಗಳಲ್ಲಿ ತಪಾಸಿಸಿದಾಗ ಆಫ್ರಿಕಾಕ್ಕೆ ಹೊರಟ ಎಷ್ಟೋ ಗಾಡಿಗಳಲ್ಲಿ ಕನ್ವರ್ಟರೇ ಇರಲಿಲ್ಲ. ಪಶ್ಚಿಮ ಆಫ್ರಿಕಾದ ದೇಶಗಳು ಕೊನೆಗೆ 2021ರಿಂದ ಯೂರೋ-4ಕ್ಕಿಂತ ಕೆಳಗಿನ ಗಾಡಿ ಬೇಡ ಎಂದು ಒಟ್ಟಾಗಿ ತೀರ್ಮಾನಿಸಿದವು.

ಭಾರತದೊಳಗೆ ದೆಹಲಿ ಯುರೋಪಿನ ಪಾತ್ರ ವಹಿಸುತ್ತಿದೆ, ಉಳಿದ ಜಿಲ್ಲೆಗಳು ಆಫ್ರಿಕಾದ ಪಾತ್ರ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ರಾಜಧಾನಿ ವಲಯದಲ್ಲಿ ಓಡುವಂತಿಲ್ಲ ಎಂದು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅಲ್ಲಿ ಹಳೆಯ ಡೀಸೆಲ್ಲಿನ ದರ ಕುಸಿಯಿತು, ‘ದಿಲ್ಲಿ ಗಾಡಿ’ ದಕ್ಷಿಣದ ಪೇಟೆಗಳಲ್ಲಿ ಒಂದು ಜಾತಿಯೇ ಆಯಿತು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಕೆಎ-28 ಪಾಸಿಂಗ್ ಮಾಡಿಸಬೇಕು. ಆ ಖರ್ಚು ಸೇರಿಸಿದರೆ ಅಗ್ಗ ಎಂದುಕೊಂಡದ್ದು ಅಗ್ಗ ಉಳಿಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಯಸ್ಸೊಂದನ್ನೇ ನೋಡಿ ಕ್ರಮ ಕೈಗೊಳ್ಳಬೇಡಿ ಎಂದಿತು, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕೂ ಮೇಲಿನ ಗಾಡಿಗಳಿಗೆ ಸೀಮಿತ ಮಾಡಿತು. ವಯಸ್ಸಿಗಿಂತ ಹೊಗೆಯ ಮಟ್ಟ ಮುಖ್ಯ ಎಂಬ ತರ್ಕ ಸರಿಯೇ. ಆದರೆ ಅದರ ನೇರ ಪರಿಣಾಮ, ಅಲ್ಲಿ ಬೇಡವಾದ ಬಿಎಸ್-3 ಗಾಡಿಗಳು ಇತ್ತ ಹೊರಡುವುದು. ದೆಹಲಿಯವರ ಶ್ವಾಸಕೋಶಕ್ಕೆ ಸಲ್ಲದ ಹೊಗೆ ತಾಳಿಕೋಟೆಯವರಿಗೆ ಸಲ್ಲುತ್ತದೆ ಎಂದು ಯಾವ ಕೋರ್ಟೂ ಹೇಳಿಲ್ಲ. ವ್ಯವಸ್ಥೆ ಮಾತ್ರ ಹಾಗೆ ನಡೆದುಕೊಳ್ಳುತ್ತಿದೆ.

ದಾರಿ ಕಷ್ಟದ್ದೇನಲ್ಲ. ಹಳೆಯ ವಾಹನ ಮಾರುವ ಡೀಲರ್‌ಗಳು ಆರ್‌ಟಿಒ ಅನುಮತಿ ಪಡೆಯಬೇಕು, ಗಾಡಿಯ ಓಡಾಟದ ದಾಖಲೆ ಇಡಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದೇ ಚೌಕಟ್ಟಿಗೆ ಇನ್ನೊಂದು ಹಾಳೆ ಸೇರಿಸಬಹುದು: ಗಾಡಿ ಯಾವ ಬಿಎಸ್ ಮಟ್ಟದ್ದು, ಇಜಿಆರ್, ಕನ್ವರ್ಟರ್, ಡಿಪಿಎಫ್ ಜಾಗದಲ್ಲಿವೆಯೇ, ಕಂಪನಿ ವಾಪಸ್ ಕರೆದಿದ್ದರೆ ರಿಪೇರಿ ಆಗಿದೆಯೇ. ಹೊರರಾಜ್ಯದ ಗಾಡಿಗೆ ಹೊಸ ನಂಬರ್ ಕೊಡುವಾಗ ವಿಜಯಪುರದ ಆರ್‌ಟಿಒದಲ್ಲಿ ಚಾಸಿಸ್ ನಂಬರ್ ಉಜ್ಜಿ ನೋಡುತ್ತಾರೆ; ಜೊತೆಗೆ ಸ್ಕ್ಯಾನರ್ ಚುಚ್ಚಿ ಕಂಪ್ಯೂಟರಿನ ದೋಷಸೂಚಿ ಓದಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ತಾಲ್ಲೂಕುಗಳ ಐಟಿಐಗಳಲ್ಲಿ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಬಿಎಸ್-6 ವ್ಯವಸ್ಥೆಯ ರಿಪೇರಿಯನ್ನು ನಿಜವಾದ ಗಾಡಿಯ ಮೇಲೆ ಕಲಿಸಿದರೆ ತಗಡಿನ ತುಂಡಿನ ವೈದ್ಯ ತಾನೇ ಹಿಂದೆ ಸರಿಯುತ್ತಾನೆ.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿರುವ ಉಪಾಯಗಳು ಸಣ್ಣವು, ಆದರೆ ಪುಕ್ಕಟೆ. ಆರ್‌ಸಿ ನೋಡಿದರೆ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿದರೆ ಅದು ಬಿಎಸ್-3ರದೋ 4ರದೋ ಎಂಬುದು ತಿಳಿಯುತ್ತದೆ. ಚಾವಿ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮೊದಲು ಚೆಕ್ ಎಂಜಿನ್ ದೀಪ ಒಮ್ಮೆ ಹೊತ್ತಿ, ಚಾಲೂ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಯಾರೋ ಅದನ್ನು ಕಿತ್ತಿರಬಹುದು. ಗಾಡಿಯನ್ನು ಎತ್ತಿಸಿ ಸೈಲೆನ್ಸರಿನ ಮೇಲೆ ಹೊಸ ವೆಲ್ಡಿಂಗ್ ಗುರುತು ಇದೆಯೇ ನೋಡಬೇಕು. ಇದ್ದರೆ, ಹೊಸ ಕನ್ವರ್ಟರಿನ ಬೆಲೆಯನ್ನು ಕಂಪನಿಯಲ್ಲಿ ಕೇಳಿಕೊಂಡು ಬಂದು ಆ ಮೊತ್ತ ಕಳೆದು ದರ ಕಟ್ಟಬೇಕು.